ಊರ ಕ್ರಿಕೆಟ್ ತಂಡದ ಚರಿತ್ರೆ: ಇಸವಿ ಹಿಡಿದದ್ದು ಹೀಗೆ

ಉಡುಪಿ ಕಡೆಯ ನಮ್ಮ ಯುವಕ ಮಂಡಲದ ಕ್ರಿಕೆಟ್ ಚರಿತ್ರೆ ಬರೆಯುವಾಗ ಹೆಚ್ಚು ಹೊತ್ತು ಹಿಡಿದದ್ದು ಇಸವಿ. ಪಂದ್ಯಾಟದ ಹಳೆಯ ಕರಪತ್ರದಲ್ಲಿ ತಾರೀಕು, ವಾರ, ಪ್ರವೇಶ ಶುಲ್ಕ, ನಗದು ಬಹುಮಾನ ಎಲ್ಲ ಇರುತ್ತದೆ, ಇಸವಿ ಮಾತ್ರ ಎಷ್ಟೋ ಸಲ ಇರುವುದಿಲ್ಲ. ಆಗ ವಾರವೇ ಆಧಾರ. ‘ಜನವರಿ 26, ಭಾನುವಾರ’ ಎಂದಿದ್ದರೆ, 1970ರಿಂದ 2010ರ ಒಳಗಿನ ಕರಪತ್ರವಾದರೆ, ಅದು 1975, 1986, 1992, 1997 ಅಥವಾ 2003. ವಿಳಾಸ ‘ಉಡುಪಿ ತಾಲೂಕು, ದ.ಕ.’ (ದಕ್ಷಿಣ ಕನ್ನಡ) ಎಂದಿದ್ದರೆ 2003 ಆಗಲಾರದು, ಏಕೆಂದರೆ ಉಡುಪಿ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟಿನಲ್ಲಿ. ಮಿಕ್ಕದ್ದನ್ನು ಪರ್ಯಾಯ ಫಲಕದಲ್ಲಿ (ಪ್ರತಿ ಸಲ ಗೆದ್ದ ತಂಡಕ್ಕೆ ಕೈ ಬದಲಾಗುವ ಫಲಕ) ಕೆತ್ತಿದ ಹೆಸರುಗಳು ತೀರ್ಮಾನಿಸುತ್ತವೆ. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದು ಎನ್ನಬಹುದು, ಆದರೆ ಹಳೆಯ ಲೆಟರ್‌ಹೆಡ್ ಮುಗಿಯುವ ತನಕ ಬಳಸುವುದುಂಟು, ಅದೊಂದನ್ನೇ ನಂಬಬಾರದು.

ನಮ್ಮಲ್ಲಿ ಆಟ ಶುರುವಾಗುವುದು ಮಳೆ ನಿಂತು ಗದ್ದೆ ಕೊಯ್ಲಾದ ಮೇಲೆ, ಮುಗಿಯುವುದು ಮೇ ಹೊತ್ತಿಗೆ. ಡಿಸೆಂಬರಿನ ಕಪ್, ಫೆಬ್ರವರಿಯ ಕಪ್ ಒಂದೇ ತಂಡ ಗೆದ್ದದ್ದಾದರೂ ಇಸವಿ ಬೇರೆಯಾಗಿ, ನಡುವೆ ಆಟಗಾರರು ಬದಲಾದಂತೆ ಕಾಣುತ್ತದೆ. ಹಾಗಾಗಿ 1985-86 ಎಂದು ಋತು ಲೆಕ್ಕದಲ್ಲೇ ಬರೆದೆವು. ಸ್ಥಾಪನೆ, ನೋಂದಣಿ, ಮೊದಲ ಪಂದ್ಯಾಟ ಈ ಮೂರನ್ನೂ ಬೇರೆಬೇರೆಯಾಗಿ ಕೊಟ್ಟೆವು. ಊರಿನ ಎಷ್ಟೋ ತಂಡಗಳು ಆಡಲು ತೊಡಗಿ ವರ್ಷಗಳಾದ ಮೇಲೆ ನೋಂದಣಿಯಾಗಿರುತ್ತವೆ.

ಸ್ಕೋರ್ ಪುಸ್ತಕವನ್ನು ಎರಡು ಕಡೆಯಿಂದ ಕೂಡಿ ನೋಡಬೇಕು. ಬ್ಯಾಟ್ಸ್‌ಮನ್‌ಗಳ ರನ್ನು ಮತ್ತು ಇತರೆ ರನ್ನು ಸೇರಿ ಒಟ್ಟು ಮೊತ್ತ ಬರಬೇಕು. ಬೌಲರ್‌ಗಳು ಕೊಟ್ಟ ರನ್ನಿಗೆ ಬೈ, ಲೆಗ್‌ಬೈ ಸೇರಿಸಿದರೂ ಅದೇ ಮೊತ್ತ. ಹಳೆಯ ಪುಟಗಳಲ್ಲಿ ಎರಡನೆಯದು ಕಡಿಮೆ ಬಂದು, ಆ ವ್ಯತ್ಯಾಸ ವೈಡ್, ನೋಬಾಲ್‌ಗಳಷ್ಟೇ ಇದ್ದರೆ ತಿದ್ದಬೇಡಿ. ಆಗ ಅವನ್ನು ಬೌಲರ್ ಲೆಕ್ಕಕ್ಕೆ ಹಾಕುತ್ತಿರಲಿಲ್ಲ. ವಿಕೆಟ್ ತಾಳೆಯಾಗದಿದ್ದರೆ ಮೊದಲು ರನೌಟ್ ಎಣಿಸಿ, ಅದು ಬೌಲರ್ ಲೆಕ್ಕಕ್ಕೆ ಸೇರುವುದಿಲ್ಲ.

ಪೆನ್ಸಿಲ್ ಬರಹವನ್ನು ಬಣ್ಣದಲ್ಲೇ ಸ್ಕ್ಯಾನ್ ಮಾಡಬೇಕು, ಸೂಕ್ಷ್ಮತೆ 600 ಡಿಪಿಐ ಸಾಕು. ಬರೀ ಕಪ್ಪು-ಬಿಳುಪಿಗೆ ಹಾಕಿದರೆ ಸಣ್ಣ ಗೆರೆಗಳು ಹಾರಿಹೋಗುತ್ತವೆ. ತುಕ್ಕು ಹಿಡಿದ ಪಿನ್ನು ಮೊದಲೇ ತೆಗೆಯಿರಿ. ಹಳೆಯ ಫೋಟೋಗೆ ಲ್ಯಾಮಿನೇಶನ್ ಬೇಡವೇ ಬೇಡ. ಹಿಂಬದಿಯಲ್ಲಿ ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಲ್ಲೇ ಬರೆಯಿರಿ, ಬಾಲ್‌ಪೆನ್ನಿನ ಒತ್ತು ಮುಂಭಾಗದಲ್ಲಿ ಏಳುತ್ತದೆ.

ಪುಸ್ತಕದಲ್ಲಿ ಬರೀ ‘ರಮೇಶ’ ಎಂದಿರುತ್ತದೆ, ಊರಿನಲ್ಲಿ ಮೂವರು ರಮೇಶರು. ಮನೆ ಹೆಸರು ಸಿಗದಿದ್ದರೆ, ಎಷ್ಟನೆಯವರಾಗಿ ಬ್ಯಾಟ್ ಹಿಡಿಯುತ್ತಿದ್ದರು, ಬೌಲಿಂಗ್ ಮಾಡುತ್ತಿದ್ದರೇ, ಕೀಪಿಂಗ್ ಮಾಡುತ್ತಿದ್ದರೇ ಎಂದು ಆ ಕಾಲದ ಇಬ್ಬರನ್ನು ಬೇರೆಬೇರೆಯಾಗಿ ಕೇಳಬೇಕು. ಒಟ್ಟಿಗೆ ಕೂರಿಸಿದರೆ ಒಬ್ಬರ ನೆನಪಿಗೆ ಇನ್ನೊಬ್ಬರು ಹೂಂಗುಟ್ಟುತ್ತಾರೆ. ಇಬ್ಬರ ಮಾತೂ ಕೂಡದ ಕಡೆ ‘ರಮೇಶ’ ಎಂದಷ್ಟೇ ಅಚ್ಚು ಹಾಕಿದ್ದೇವೆ.