ಟೊರಾಂಟೊಗೆ ಹೊಸದಾಗಿ ಬಂದಿದ್ದೀರಾ? ಲೈಬ್ರರಿ ಕಾರ್ಡ್ ಮಾಡಿಸ್ಕೊಂಡ್ರಾ?

ಟೊರಾಂಟೊಗೆ ಬಂದಿಳಿದ ನಮ್ಮ ಕನ್ನಡದವರು ಗ್ರೂಪಲ್ಲಿ ಮೊದ್ಲು ಕೇಳೋದು ಸಿನ್ ನಂಬರ್ (ಇಲ್ಲಿ ಕೆಲಸ ಮಾಡಕ್ಕೆ ಬೇಕಾದ ಸರ್ಕಾರಿ ನಂಬರ್) ಎಲ್ಲಿ ಮಾಡಿಸೋದು, ಬ್ಯಾಂಕ್ ಅಕೌಂಟ್ ಯಾವುದು, ಬಾಡಿಗೆ ಮನೆ ಯಾವ ಕಡೆ ನೋಡೋದು, ಸೋನಾ ಮಸೂರಿ ಎಲ್ಲಿ ಸಿಗತ್ತೆ ಅಂತ. ಎಲ್ಲಾ ಬೇಕಾಗಿದ್ದೇ. ಆದ್ರೆ ಆ ಲಿಸ್ಟ್‌ಗೆ ಟೊರಾಂಟೊ ಪಬ್ಲಿಕ್ ಲೈಬ್ರರಿ ಕಾರ್ಡ್ ಕೂಡ ಸೇರಿಸ್ಕೊಳ್ಳಿ, ಅದೂ ಮೊದಲನೇ ವಾರದಲ್ಲೇ. ನಮ್ಮೂರಲ್ಲಿ ಲೈಬ್ರರಿ ಅಂದ್ರೆ ಬೆಳಗ್ಗೆ ಪೇಪರ್ ಓದೋರು, ಕೆಪಿಎಸ್‌ಸಿಗೆ ಓದೋ ಹುಡುಗ್ರು ಕೂರೋ ಜಾಗ ಅಂತ ನಮ್ಮ ತಲೇಲಿರತ್ತೆ, ಹಾಗಾಗಿ ಎಷ್ಟೋ ಜನ ಇಲ್ಲಿಗೆ ಬಂದು ವರ್ಷಗಟ್ಟಲೆ ಆದ್ರೂ ಆ ಬಾಗಿಲ ಕಡೆ ಹೋಗೋದೇ ಇಲ್ಲ, ದುಡ್ಡು ಕೊಟ್ಟು ತಗೊಳ್ಳೋ ಎಷ್ಟೋ ಸೌಲಭ್ಯ ಅಲ್ಲಿ ಫ್ರೀಯಾಗಿ ಸಿಗತ್ತೆ ಅಂತ ಗೊತ್ತೇ ಇರಲ್ಲ.

ಸಿಟಿ ತುಂಬಾ 100 ಬ್ರಾಂಚ್ ಇದೆ, ನಿಮ್ಮ ಮನೆ ಹತ್ರ ಒಂದಂತೂ ಇದ್ದೇ ಇರತ್ತೆ. ಟೊರಾಂಟೊ ಸಿಟಿ ಒಳಗೆ ವಾಸ ಮಾಡೋರು, ಕೆಲಸ ಮಾಡೋರು, ಓದೋರು ಎಲ್ರಿಗೂ ಕಾರ್ಡ್ ಫ್ರೀ. ಪಿಆರ್ (ಪರ್ಮನೆಂಟ್ ರೆಸಿಡೆಂಟ್) ಆಗಿರ್ಬೇಕು ಅಂತೇನಿಲ್ಲ, ಸ್ಟೂಡೆಂಟ್ ಆದ್ರೂ ಸರಿ ವರ್ಕ್ ಪರ್ಮಿಟ್ ಆದ್ರೂ ಸರಿ. ಹೆಸರಿಗೆ ಪಾಸ್‌ಪೋರ್ಟ್, ಅಡ್ರೆಸ್‌ಗೆ ಬಾಡಿಗೆ ಅಗ್ರಿಮೆಂಟೋ ಬ್ಯಾಂಕ್ ಸ್ಟೇಟ್‌ಮೆಂಟೋ ತಗೊಂಡು ಹೋಗಿ ಕೌಂಟರ್‌ನಲ್ಲಿ ಕೇಳಿ, ಅಲ್ಲೇ ಮಾಡ್ಕೊಡ್ತಾರೆ. ಮಿಸ್ಸಿಸಾಗಾ, ಬ್ರಾಂಪ್ಟನ್ ಕಡೆ ಇರೋರಿಗೆ ಅವರವರ ಊರಿನ ಲೈಬ್ರರಿ ಬೇರೆ ಇದೆ, ಆದ್ರೆ ಆಫೀಸ್ ಡೌನ್‌ಟೌನ್‌ನಲ್ಲಿದ್ರೆ ಅದರ ಪ್ರೂಫ್ ತೋರಿಸಿ ಟೊರಾಂಟೊ ಕಾರ್ಡೂ ತಗೋಬೋದು, ಎರಡೂ ಇಟ್ಕೊಳ್ಳಿ.

ಪುಸ್ತಕ ಮೂರು ವಾರಕ್ಕೆ ಕೊಡ್ತಾರೆ, ಡಿವಿಡಿ ಆದ್ರೆ ಒಂದು ವಾರ. ಬೇರೆ ಯಾರೂ ಕಾಯ್ತಾ ಇಲ್ಲ ಅಂದ್ರೆ ರಿನ್ಯೂ ಆಗತ್ತೆ. ಲೇಟಾದ್ರೆ ಫೈನ್ ಹಾಕ್ತಾರಲ್ವಾ ಅಂತ ಹೆದರಿ ಮಕ್ಕಳಿಗೆ ಪುಸ್ತಕ ತರಿಸದ ಅಪ್ಪ ಅಮ್ಮಂದಿರನ್ನ ನಾನು ನೋಡಿದೀನಿ, ಆ ಲೇಟ್ ಫೈನ್ 2022ರಲ್ಲೇ ತೆಗೆದುಹಾಕಿದ್ರು. ಕಳೆದು ಹಾಕಿದ್ರೆ ಮಾತ್ರ ದುಡ್ಡು ಕಟ್ಬೇಕು. ಒಂದು ಬ್ರಾಂಚಲ್ಲಿ ತಗೊಂಡಿದ್ದನ್ನ ಯಾವ ಬ್ರಾಂಚಲ್ಲಿ ಬೇಕಾದ್ರೂ ವಾಪಸ್ ಕೊಡ್ಬೋದು.

ಇನ್ನು ಹೊಸ ಪುಸ್ತಕದ ವಿಷಯ, ಇದನ್ನ ಸ್ವಲ್ಪ ಗಮನ ಇಟ್ಟು ಓದಿ, ಯಾಕಂದ್ರೆ ಸುಮ್ನೆ ಶೆಲ್ಫ್ ಹತ್ರ ಹೋಗಿ ಹುಡುಕಿದ್ರೆ ಹೊಸದು ಸಿಗೋದು ಕಷ್ಟ. ಹೊಸ ಪುಸ್ತಕಗಳೆಲ್ಲಾ ಹೋಲ್ಡ್ ಮೇಲೆ, ಅಂದ್ರೆ ಮೊದ್ಲೇ ಹೆಸರು ಹಾಕಿ ಕ್ಯೂನಲ್ಲಿರೋರ ಮಧ್ಯೆ, ಓಡಾಡ್ತಾ ಇರತ್ತೆ. ವೆಬ್‌ಸೈಟಲ್ಲಿ ಪುಸ್ತಕದ ಹೆಸರು ಹುಡುಕಿ ಪ್ಲೇಸ್ ಹೋಲ್ಡ್ ಒತ್ತಿ ನಿಮ್ಮ ಬ್ರಾಂಚ್ ಆರಿಸಿದ್ರೆ ಮುಗೀತು, ಅದು ಸಿಟಿಯ ಯಾವ ಮೂಲೇಲಿದ್ರೂ ನಿಮ್ಮ ಬ್ರಾಂಚ್‌ಗೆ ಬರತ್ತೆ, ಬಂದ ಮೇಲೆ ಈಮೇಲ್ ಬರತ್ತೆ. ಹೋಲ್ಡ್ ಶೆಲ್ಫ್‌ನಲ್ಲಿ ಪುಸ್ತಕದೊಳಗೆ ನಿಮ್ಮ ಚೀಟಿ ಸಿಕ್ಕಿಸಿ ಇಟ್ಟಿರ್ತಾರೆ, ಅದನ್ನ ತಗೊಂಡು ಮೆಷಿನ್ ಮೇಲೆ ಕಾರ್ಡ್ ಸ್ಕ್ಯಾನ್ ಮಾಡಿ ಪುಸ್ತಕ ಇಟ್ರೆ ಆಯ್ತು, ಯಾರನ್ನೂ ಕೇಳ್ಬೇಕಾಗಿಲ್ಲ. ಎಷ್ಟೋ ಜನಕ್ಕೆ ಗೊತ್ತಿಲ್ದೇ ಇರೋದು ಏನಪ್ಪಾ ಅಂದ್ರೆ, ಪುಸ್ತಕ ಇನ್ನೂ ಅಂಗಡಿಗೇ ಬಂದಿಲ್ಲ ಅಂದ್ರೂ ಲೈಬ್ರರಿ ಆರ್ಡರ್ ಮಾಡಿದ್ರೆ ಕ್ಯಾಟಲಾಗ್‌ನಲ್ಲಿ ಆನ್ ಆರ್ಡರ್ ಅಂತ ಕಾಣತ್ತೆ, ಆವಾಗ್ಲೇ ಹೋಲ್ಡ್ ಹಾಕ್ಬೋದು. ನವೆಂಬರ್‌ನಲ್ಲಿ ಗಿಲ್ಲರ್ ಪ್ರೈಜ್ (ಕೆನಡಾದ ದೊಡ್ಡ ಸಾಹಿತ್ಯ ಪ್ರಶಸ್ತಿ) ಬಂದಾಗ, ಇಲ್ಲಿನ ಸಾರ್ವಜನಿಕ ರೇಡಿಯೋ-ಟಿವಿ ಸಂಸ್ಥೆ ಸಿಬಿಸಿ ನಡೆಸೋ ಪುಸ್ತಕ ಸ್ಪರ್ಧೆ ಕೆನಡಾ ರೀಡ್ಸ್‌ನ ಲಿಸ್ಟ್ ಬಂದಾಗ ಕ್ಯೂ ಇದ್ದಕ್ಕಿದ್ದಂಗೆ ಉದ್ದ ಆಗತ್ತೆ, ಮುಂಚೆ ಹಾಕಿದೋರಿಗೆ ಮುಂಚೆ. ಊರಿಗೆ ಹೋಗೋದಿದ್ರೆ ಹೋಲ್ಡನ್ನ ತಾತ್ಕಾಲಿಕವಾಗಿ ನಿಲ್ಲಿಸಿಟ್ಟು ಹೋಗಿ, ನೀವು ಮೈಸೂರಲ್ಲಿರುವಾಗ ಇಲ್ಲಿ ಪುಸ್ತಕ ಬಂದು ಕಾದು ಬೇರೆಯವರಿಗೆ ಹೋಗೋದು ತಪ್ಪತ್ತೆ.

ಕಾಯಕ್ಕೆ ಆಗಲ್ಲ ಅನ್ನೋರು ಲಿಬ್ಬಿ ಆಪ್ ಹಾಕ್ಕೊಳ್ಳಿ. ಇ-ಬುಕ್ಕು ಆಡಿಯೋ ಬುಕ್ಕು ಎರಡೂ ಇದೆ, ಬಸ್ಸಲ್ಲಿ ಸಬ್‌ವೇನಲ್ಲಿ ಕೇಳ್ಕೊಂಡು ಹೋಗ್ಬೋದು, ಅವಧಿ ಮುಗಿದ್ರೆ ತಾನೇ ವಾಪಸ್ ಹೋಗತ್ತೆ. ಸಿನಿಮಾಗೆ ಕನೋಪಿ ಆಪ್, ಕೆಲಸ ಹುಡುಕ್ತಾ ಇರೋರಿಗೆ ಲಿಂಕ್ಡ್‌ಇನ್ ಲರ್ನಿಂಗ್ ಆನ್‌ಲೈನ್ ಕೋರ್ಸ್‌ಗಳು, ಎಲ್ಲಾ ಅದೇ ಕಾರ್ಡಲ್ಲಿ.

ಮಕ್ಕಳಿರೋರಿಗೆ ಇದು ಇನ್ನೂ ದೊಡ್ಡ ವರ. ಪುಟ್ಟ ಮಕ್ಕಳಿಗೆ ಸ್ಟೋರಿ ಟೈಮ್ ನಡೆಯತ್ತೆ, ಹಾಡು ಕಥೆ ಎಲ್ಲಾ ಇರತ್ತೆ, ಮನೇಲಿ ಒಬ್ರೇ ಮಗು ನೋಡ್ಕೊಂಡು ಮಾತಾಡಕ್ಕೆ ಯಾರೂ ಇಲ್ಲ ಅಂತ ಕೂತಿರೋ ತಾಯಂದಿರಿಗೆ ಅಲ್ಲೇ ನಾಲ್ಕು ಜನರ ಪರಿಚಯ ಆಗತ್ತೆ. ಬೇಸಿಗೆ ರಜೇಲಿ ಟಿಡಿ ಸಮ್ಮರ್ ರೀಡಿಂಗ್ ಕ್ಲಬ್‌ಗೆ ಹೆಸರು ಕೊಡಿಸಿ. ಕಾಲೇಜ್ ಸ್ಟ್ರೀಟ್‌ನಲ್ಲಿರೋ ಲಿಲಿಯನ್ ಎಚ್. ಸ್ಮಿತ್ ಬ್ರಾಂಚ್‌ಗೆ ಒಂದ್ಸಲ ಕರ್ಕೊಂಡು ಹೋಗಿ, ಬಾಗಿಲ ಎರಡೂ ಕಡೆ ರೆಕ್ಕೆ ಇರೋ ದೊಡ್ಡ ಕಂಚಿನ ಪ್ರಾಣಿಗಳು ಕೂತಿವೆ, ಒಳಗೆ ಓಸ್ಬಾರ್ನ್ ಕಲೆಕ್ಷನ್ ಅಂತ ಹಳೇ ಕಾಲದ ಮಕ್ಕಳ ಪುಸ್ತಕಗಳ ಸಂಗ್ರಹ ಇದೆ. ಮ್ಯೂಸಿಯಂಗಳಿಗೆ ಫ್ಯಾಮಿಲಿ ಪೂರ್ತಿ ಟಿಕೆಟ್ ತಗೊಂಡ್ರೆ ಜೇಬು ಖಾಲಿ ಆಗತ್ತೆ, ಅದಕ್ಕೆ ಲೈಬ್ರರಿ ಮ್ಯಾಪ್ (ಮ್ಯೂಸಿಯಂ ಮತ್ತು ಆರ್ಟ್ಸ್) ಪಾಸ್ ಕೊಡತ್ತೆ, ಆರ್ಟ್ ಗ್ಯಾಲರಿ, ಆಗಾ ಖಾನ್ ಮ್ಯೂಸಿಯಂ ತರದ ಜಾಗಕ್ಕೆ ಫ್ರೀಯಾಗಿ ಹೋಗಿ ಬರ್ಬೋದು, ಆದ್ರೆ ಬೇಗ ಖಾಲಿ ಆಗತ್ತೆ, ಬಿಡುಗಡೆ ಆಗೋ ಹೊತ್ತಿಗೇ ಬುಕ್ ಮಾಡಿ. ವಾದ್ಯ ಕಲಿಯೋ ಆಸೆ ಇದ್ರೆ ಪಾರ್ಕ್‌ಡೇಲ್ ಬ್ರಾಂಚಲ್ಲಿ ಗಿಟಾರ್, ವಯೊಲಿನ್ ಎಲ್ಲಾ ಪುಸ್ತಕದ ತರಾನೇ ಮನೆಗೆ ಕೊಡ್ತಾರೆ, 2016ರಿಂದ ನಡೀತಿದೆ.

ಹೊಸಬರಿಗೆ ಅಂತಲೇ ಕೆಲವು ಬ್ರಾಂಚಲ್ಲಿ ಸೆಟಲ್‌ಮೆಂಟ್ ವರ್ಕರ್ ಕೂರ್ತಾರೆ. ಹೆಲ್ತ್ ಕಾರ್ಡ್, ಮಕ್ಕಳ ಸ್ಕೂಲು, ಚೈಲ್ಡ್ ಬೆನಿಫಿಟ್ ಫಾರ್ಮು, ಇಂಥದ್ದಕ್ಕೆಲ್ಲಾ ಕೂರಿಸ್ಕೊಂಡು ಹೇಳ್ಕೊಡ್ತಾರೆ, ದುಡ್ಡಿಲ್ಲ. ಇದೇ ಫಾರ್ಮ್ ತುಂಬಕ್ಕೆ ಏಜೆಂಟ್‌ಗೆ ದುಡ್ಡು ಕೊಟ್ಟು ಬರೋರನ್ನ ನೋಡಿದ್ರೆ ಹೊಟ್ಟೆ ಉರಿಯತ್ತೆ, ದಯವಿಟ್ಟು ಮೊದ್ಲು ಇಲ್ಲಿ ಕೇಳಿ. ಇಂಗ್ಲಿಷ್ ಮಾತಾಡಕ್ಕೆ ಹಿಂಜರಿಯೋರಿಗೆ ಕಾನ್ವರ್ಸೇಶನ್ ಸರ್ಕಲ್ ಇದೆ, ಎಲ್ಲಾ ದೇಶದ ಹೊಸಬರೂ ತಡವರಿಸ್ತಾನೇ ಮಾತಾಡ್ತಾರೆ, ಯಾರೂ ನಗಲ್ಲ.

ಊರಿಂದ ಬಂದ ಅಪ್ಪ ಅಮ್ಮನ ವಿಷಯ ಹೇಳ್ಲೇಬೇಕು. ಜನವರೀಲಿ ಹೊರಗೆ ಕಾಲಿಡಕ್ಕಾಗಲ್ಲ, ಮಕ್ಕಳು ಆಫೀಸ್‌ಗೆ ಹೋದ್ರೆ ನಾಲ್ಕು ಗೋಡೆ ಮಧ್ಯೆ ಟಿವಿ ನೋಡ್ಕೊಂಡು ಕೂತ್ಕೋಬೇಕು. ಲೈಬ್ರರಿ ಒಳಗೆ ಹೋಗಿ ಕೂರಕ್ಕೆ ಕಾರ್ಡೇ ಬೇಡ, ಬೆಚ್ಚಗಿರತ್ತೆ, ವೈಫೈ ಇರತ್ತೆ, ಕಿಟಕಿ ಪಕ್ಕ ಒಳ್ಳೆ ಕುರ್ಚಿ ಇರತ್ತೆ, ಎಷ್ಟೊತ್ತು ಕೂತ್ರೂ ಏಳಿ ಅನ್ನಲ್ಲ. ಯಂಗ್ ಸ್ಟ್ರೀಟ್‌ನಲ್ಲಿರೋ ರೆಫರೆನ್ಸ್ ಲೈಬ್ರರಿಗೆ ಕರ್ಕೊಂಡು ಹೋಗಿ, ರೇಮಂಡ್ ಮೊರಿಯಾಮಾ ಡಿಸೈನ್ ಮಾಡಿದ್ದು, 1977ರಲ್ಲಿ ಶುರುವಾಗಿದ್ದು, ಕೆಳಗಡೆ ನಿಂತು ಮೇಲೆ ನೋಡಿದ್ರೆ ಐದು ಅಂತಸ್ತಿನ ಪುಸ್ತಕ ಒಟ್ಟಿಗೆ ಕಾಣತ್ತೆ. ನಮ್ಮಪ್ಪ ಅಲ್ಲಿಗೆ ಹೋದ ದಿನ ಊಟದ ಹೊತ್ತು ಮೀರಿದ್ರೂ ಏಳಲಿಲ್ಲ.

ಆದ್ರೆ ಅಪ್ಪ ಅಲ್ಲೇ ಕೇಳಿದ್ದು, ಕನ್ನಡ ಪುಸ್ತಕ ಎಲ್ಲಿ ಅಂತ. ತಮಿಳು, ಗುಜರಾತಿ, ಪಂಜಾಬಿ, ಹಿಂದಿ, ಉರ್ದು ಶೆಲ್ಫ್‌ಗಳು ಬೇರೆ ಬೇರೆ ಬ್ರಾಂಚಲ್ಲಿ ಕಾಣತ್ತೆ, ನಾನು ಹೋಗೋ ಬ್ರಾಂಚ್‌ಗಳಲ್ಲಿ ಕನ್ನಡಕ್ಕೆ ಅಂತ ಒಂದು ಶೆಲ್ಫ್ ಕಂಡಿಲ್ಲ, ಇದು ನನಗೆ ನಿಜವಾಗ್ಲೂ ಬೇಜಾರು. ಸ್ಕಾರ್ಬರೋ ಕಡೆ ತಮಿಳು ಶೆಲ್ಫ್ ನೋಡಿ, ಅಲ್ಲಿ ತಮಿಳರು ಜಾಸ್ತಿ ಇದ್ದಾರೆ, ಬಂದು ಕೇಳ್ತಾರೆ, ತಗೊಂಡು ಓದ್ತಾರೆ, ನಾವೂ ಹಾಗೇ ಕೇಳ್ಬೇಕು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಗೆದ್ದ ಮೇಲೆ ಇಲ್ಲಿನವರಿಗೂ ಕನ್ನಡ ಅಂದ್ರೆ ಯಾವುದು ಅಂತ ಗೊತ್ತಾಗಕ್ಕೆ ಶುರುವಾಗಿದೆ, ಕೇಳಕ್ಕೆ ಇದೇ ಸರಿಯಾದ ಸಮಯ.

ಕೇಳೋದು ಹೇಗೆ ಅಂದ್ರೆ ಮೊದ್ಲು ಕ್ಯಾಟಲಾಗ್‌ನಲ್ಲಿ ಲೇಖಕರ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ನೋಡಿ, ಇಲ್ಲ ಅಂದ್ರೆ ವೆಬ್‌ಸೈಟಲ್ಲಿ ಪುಸ್ತಕ ಕೊಳ್ಳಿ ಅಂತ ಸಜೆಸ್ಟ್ ಮಾಡೋ ಫಾರ್ಮ್ ಇದೆ, ಕಾರ್ಡ್ ಇರೋರು ತುಂಬ್ಬೋದು. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಐಎಸ್‌ಬಿಎನ್ ನಂಬರ್ (ಪ್ರತಿ ಪುಸ್ತಕದ ಗುರುತಿನ ಸಂಖ್ಯೆ) ಎಲ್ಲಾ ಸರಿಯಾಗಿ ಹಾಕಿ, ಆ ನಂಬರ್ ಇಲ್ದೇ ಇದ್ರೆ ಅವರಿಗೆ ಹುಡುಕೋದೇ ಕಷ್ಟ. ದೊಡ್ಡವರಿಗೆ ಒಂದು ಕಾದಂಬರಿ, ಮಕ್ಕಳಿಗೆ ಒಂದು ಚಿತ್ರದ ಪುಸ್ತಕ, ಹೀಗೆ ಬೇರೆ ಬೇರೆ ಮನೆಯವರು ಬೇರೆ ಬೇರೆ ಪುಸ್ತಕ ಕೇಳಿ. ಬಂದ್ರೆ ಗ್ರೂಪಲ್ಲಿ ಹಾಕಿ, ಮತ್ತೆ ದಯವಿಟ್ಟು ಹೋಲ್ಡ್ ಹಾಕಿ ಮನೆಗೆ ತಗೊಂಡು ಹೋಗಿ ಓದಿ, ಯಾಕಂದ್ರೆ ಯಾರೂ ತಗೊಳ್ಳದ ಪುಸ್ತಕನ ಲೈಬ್ರರಿಯವರು ಸ್ವಲ್ಪ ಕಾಲ ಆದ್ಮೇಲೆ ಶೆಲ್ಫಿಂದ ತೆಗೆದುಬಿಡ್ತಾರೆ.