ನೇರಳೆ ಸ್ವೀಟ್ ಕಾರ್ನ್: ಮೂರನೇ ಬೆಳೆಗೆ ಕೈ ಹಿಡಿಯಿತು

"ಕರಿ ತೆನೆ ಯಾರ್ ತಿಂತಾರೆ? ಎಮ್ಮೆಗೆ ಹಾಕು" ಅಂತ ನಮ್ಮೂರಲ್ಲಿ ನಕ್ಕಿದ್ದರು. ಕಳೆದ ವಾರ ಅದೇ ತೆನೆ ಒಂದಕ್ಕೆ 30 ರೂಪಾಯಿಯಂತೆ ಬೆಂಗಳೂರಿಗೆ ಹೋಯಿತು. ಹಳದಿಯದಕ್ಕೆ 10 ಸಿಕ್ಕರೆ ಪುಣ್ಯ.

ಮೊದಲ ಸಲ ಅರ್ಧ ಎಕರೆ ಹಾಕಿದ್ದೆ. ಬೀಜ, ಗೊಬ್ಬರ, ಸೈನಿಕ ಹುಳುವಿನ ಔಷಧಿ ಎಲ್ಲ ಸೇರಿ ಹತ್ತಿರ ಹತ್ತಿರ 22 ಸಾವಿರ. ತೆನೆ ಸುಲಿದರೆ ಕಾಳು ನೇರಳೆ, ಮಿರಮಿರ ಮಿಂಚುತ್ತಿತ್ತು. ಬಾಯಿಗಿಟ್ಟರೆ ಸಿಹಿಯೇ ಇಲ್ಲ! ಬೀಜ ಕೊಟ್ಟವನಿಗೆ ಬೈದೆ. ಆಮೇಲೆ ಸುಮ್ನೆ ಉಗುರಿನಲ್ಲಿ ಸಿಪ್ಪೆ ಕೆರೆದು ನೋಡಿದೆ. ಈ ತಳಿ ಒಳಗೆ ಬಿಳಿ ಇರಬೇಕು, ನಸು ಹಳದಿ ಇತ್ತು. ಪಕ್ಕದ ಹೊಲದ ಮಾಮೂಲಿ ಮೆಕ್ಕೆಜೋಳದ ಪರಾಗ ಬಂದು ಬಿದ್ದಿತ್ತು. ಸಿಪ್ಪೆ ತಾಯಿ ಗಿಡದ್ದು, ಅದರ ಬಣ್ಣಕ್ಕೆ ಏನೂ ಆಗಲ್ಲ. ಒಳಗಿನ ತಿರುಳೇ ಕೆಡೋದು. ಪಾಪ, ಬೀಜದವನದ್ದು ತಪ್ಪಿರಲಿಲ್ಲ.

ಎರಡನೇ ಸಲ, ಆ ಪರಾಗ ಬೀಳದಿರಲಿ ಅಂತ, ಪಕ್ಕದವರು ಬಿತ್ತಿದ ಮೂರೂವರೆ ವಾರಕ್ಕೆ ಬಿತ್ತಿದೆ. ಸಿಹಿ ಬಂತು, ಬಣ್ಣ ಬರಲಿಲ್ಲ. ಬರಲಿ ಅಂತ ಇನ್ನೊಂದು ವಾರ ಬಿಟ್ಟೆ. ಬಣ್ಣ ಬಂತು, ಕಾಳು ಹಿಟ್ಟಾಯಿತು. 9 ಸಾವಿರ ಕೈಬಿಟ್ಟಿತು.

ಈ ಬಣ್ಣ, ಅಂದರೆ ಆಂಥೋಸಯನಿನ್, ಕಾಳಿಗೆ ಕೂದಲು ಅಂಟಿದ ಜಾಗದಲ್ಲಿ ಒಂದು ಚುಕ್ಕಿಯಾಗಿ ಶುರುವಾಗಿ ಬುಡಕ್ಕೆ ಇಳಿಯುತ್ತದೆ. ಈಗ ಮುಕ್ಕಾಲು ಇಳಿದಾಗಲೇ ಮುರಿಯುತ್ತೇನೆ, ಕೂದಲು ಬಂದ 22-23 ದಿನಕ್ಕೆ. ಬಿತ್ತೋದು ಚಳಿಗಾಲಕ್ಕೆ ಮಾತ್ರ. ರಾತ್ರಿ ತಂಪಿದ್ದರೆ ಬಣ್ಣ ಬೇಗ ಕಟ್ಟುತ್ತದೆ. ಕೊನೇ ವಾರದ ನೀರಿಗೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯಲ್ಲ, ಬೇಜಾರು ಮಾಡ್ಕೋಬೇಡಿ.

ಮಾರಾಟದಲ್ಲೂ ಒಂದು ಫಜೀತಿ ಆಯಿತು. ಒಬ್ಬ ಗಿರಾಕಿ ಫೋನ್ ಮಾಡಿ, "ಬೇಯಿಸಿದ ನೀರೆಲ್ಲ ನೇರಳೆ, ಬಣ್ಣ ಬಳಿದಿದ್ದೀರಾ?" ಅಂದರು. ಆ ನೀರಿಗೆ ನಿಂಬೆರಸ ಹಿಂಡಿ ನೋಡಿ ಅಂದೆ. ಕೆಂಪಾಯಿತು. ಇನ್ನೊಂದು ಲೋಟಕ್ಕೆ ಚಿಟಿಕೆ ಅಡುಗೆ ಸೋಡ ಹಾಕಿಸಿದೆ. ನೀಲಿಗೆ ತಿರುಗಿತು. ಹೀಗೆ ತಿರುಗೋದು ಆಂಥೋಸಯನಿನ್ ಗುಣ, ನಾನು ಬಳಿದದ್ದಲ್ಲ ಅಂದೆ. ಈಗ ಅವರು ಪ್ರತಿ ವಾರ 20 ತೆನೆ ಒಯ್ಯುತ್ತಾರೆ. ಎಲ್ಲರಿಗೂ ಹೇಳೋದು ಇಷ್ಟೇ: ಮುಳುಗಿಸಿ ಬೇಯಿಸಬೇಡಿ, ಇಡೀ ತೆನೆಯನ್ನು ಆವಿಯಲ್ಲಿ ಬೇಯಿಸಿ. ಬಣ್ಣವೇ ನೀರಿಗೆ ಹೋದರೆ ಜಾಸ್ತಿ ಕೊಟ್ಟು ತಗೊಂಡಿದ್ದೇಕೆ, ಅಲ್ವಾ?

ಶುಗರ್ ವಾಸಿಯಾಗುತ್ತಾ ಅಂತ ಕೇಳೋರಿದ್ದಾರೆ. ಇಲ್ಲ, ಇದೂ ಸಿಹಿ ಜೋಳವೇ ಅನ್ನುತ್ತೇನೆ. ಕಣ್ಣಿಗೆ ಅಂತ ಕೇಳಿದರೆ ಹಳದಿಯದನ್ನೇ ಕೊಡುತ್ತೇನೆ. ಅದರ ಲ್ಯೂಟಿನ್, ಝಿಯಾಜಾಂಥಿನ್ ನಮ್ಮ ಕಣ್ಣಿನ ಹಿಂಪರದೆಯ ನಡುವಿನಲ್ಲೂ ಇರುವ ಬಣ್ಣಗಳು. ಸ್ವಲ್ಪ ತುಪ್ಪ ಸವರಿ ತಿಂದರೆ ಮೈಗೆ ಚೆನ್ನಾಗಿ ಹತ್ತುತ್ತವೆ.

ಈ ಹಳದಿ ಬಣ್ಣಗಳ ಕೆಲಸವನ್ನು ಮನೆಯ ನಾಟಿ ಕೋಳಿಗಳ ಮೇಲೂ ನೋಡಿದೆ. ಮಾರದೆ ಉಳಿದ ನೇರಳೆ ತೆನೆ ಹಾಕಿದಾಗ ಮೊಟ್ಟೆಯ ಭಂಡಾರ ಪೇಲವವಾಯಿತು. ಹಳದಿ ಹಾಕಿದ ಹತ್ತು-ಹನ್ನೆರಡು ದಿನಕ್ಕೆ ಒಳ್ಳೇ ಅರಿಶಿನದ ಬಣ್ಣ ಬಂತು. ನಮ್ಮವಳು ಈಗ ನಾಲ್ಕು ಸಾಲು ಹಳದಿಯನ್ನು ಕೋಳಿಗೇ ಅಂತ ಬಿಡಿಸಿದ್ದಾಳೆ.