ನವೀಕರಿಸಬಹುದಾದ ವಿದ್ಯುತ್ತಿನ ಪೂರೈಕೆದಾರರನ್ನು ಆರಿಸಿಕೊಳ್ಳುವ ಬಗೆ

ವಿದ್ಯುತ್ ಮಾರಾಟದಲ್ಲಿ ಪೈಪೋಟಿಗೆ ಅವಕಾಶವಿರುವ ಕಡೆ ಗ್ರಾಹಕರು ತಮಗೆ ಒಪ್ಪುವ ಕಂಪನಿಯಿಂದ ಗಾಳಿ, ಬಿಸಿಲು ಅಥವಾ ನೀರಿನಿಂದ ತಯಾರಾದ ವಿದ್ಯುತ್ತನ್ನು ಕೊಳ್ಳಬಹುದು. ಅಮೆರಿಕದ ಟೆಕ್ಸಾಸ್ ರಾಜ್ಯದ ಬಹುಭಾಗದಲ್ಲಿ 2002ರ ಜನವರಿಯಿಂದ, ಐರೋಪ್ಯ ಒಕ್ಕೂಟದಲ್ಲಿ 2007ರ ಜುಲೈಯಿಂದ ಮನೆಬಳಕೆದಾರರಿಗೂ ಈ ಆಯ್ಕೆ ದೊರೆತಿದೆ. ಆದರೆ ಕಂಪನಿಯನ್ನು ಬದಲಿಸಿದ ಮಾತ್ರಕ್ಕೆ ಮನೆಗೆ ಬರುವ ತಂತಿಯಾಗಲಿ, ಅದರಲ್ಲಿ ಹರಿಯುವ ವಿದ್ಯುತ್ತಾಗಲಿ ಬದಲಾಗುವುದಿಲ್ಲ. ಹಲವು ತೊರೆಗಳ ನೀರು ಒಂದೇ ಕೆರೆಗೆ ಸೇರಿದ ಮೇಲೆ ಯಾವ ಬಿಂದಿಗೆಯಲ್ಲಿ ಯಾವ ತೊರೆಯ ನೀರಿದೆ ಎಂದು ಹೇಳಲಾಗದಂತೆ, ಎಲ್ಲ ಸ್ಥಾವರಗಳ ವಿದ್ಯುತ್ತೂ ಒಂದೇ ಜಾಲದಲ್ಲಿ ಬೆರೆತುಹೋಗುತ್ತದೆ. ಗ್ರಾಹಕರು ನಿಜವಾಗಿ ಆರಿಸಿಕೊಳ್ಳುವುದು ಒಂದು ಕರಾರನ್ನು ಮತ್ತು ಆ ಕರಾರಿನ ಹಿಂದಿರುವ ಲೆಕ್ಕಪತ್ರವನ್ನು; ಆದ್ದರಿಂದ ಓದಬೇಕಾದದ್ದೂ ಅವೆರಡನ್ನೇ.

ಮೊದಲಿಗೆ ನಿಮ್ಮ ವಿಳಾಸಕ್ಕೆ ಈ ಆಯ್ಕೆ ಅನ್ವಯಿಸುತ್ತದೆಯೇ ಎಂದು ವಿದ್ಯುತ್ ನಿಯಂತ್ರಣ ಆಯೋಗದಿಂದ ಖಚಿತಪಡಿಸಿಕೊಳ್ಳಿ. ಪೈಪೋಟಿಗೆ ತೆರೆದ ರಾಜ್ಯಗಳಲ್ಲೂ ನಗರಸಭೆಯೋ ಸಹಕಾರ ಸಂಘವೋ ವಿದ್ಯುತ್ ಒದಗಿಸುವ ಪ್ರದೇಶಗಳು ಇದರಿಂದ ಹೊರಗುಳಿದಿರುವುದುಂಟು. ಬಳಿಕ ಹಿಂದಿನ 12 ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ಪ್ರತಿ ತಿಂಗಳು ಬಳಸಿದ ಯೂನಿಟ್‌ಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬಿಲ್ಲಿನಲ್ಲಿ ತಂತಿ ಮತ್ತು ಕಂಬಗಳ ನಿರ್ವಹಣೆಗೆ ಸಲ್ಲುವ ಶುಲ್ಕ ಬೇರೆ, ವಿದ್ಯುತ್ತಿನ ಬೆಲೆ ಬೇರೆ. ನೀವು ಯಾವ ಪೂರೈಕೆದಾರರ ಬಳಿಗೆ ಹೋದರೂ ಮೊದಲನೆಯದು ಹಾಗೆಯೇ ಉಳಿಯುವುದರಿಂದ ಹೋಲಿಕೆಗೆ ಸಿಗುವುದು ಎರಡನೆಯದು ಮಾತ್ರ.

ಇನ್ನು ‘ನೂರಕ್ಕೆ ನೂರು ಹಸಿರು’ ಎಂಬ ಭರವಸೆಯ ಮಾತು. ಇದಕ್ಕೆ ಆಧಾರವಾಗಿರುವುದು ಪ್ರಮಾಣಪತ್ರಗಳ ವ್ಯವಸ್ಥೆ. ನವೀಕರಿಸಬಹುದಾದ ಮೂಲದ ಸ್ಥಾವರವೊಂದು 1,000 ಯೂನಿಟ್, ಅಂದರೆ ಒಂದು ಮೆಗಾವಾಟ್-ಗಂಟೆಯಷ್ಟು ವಿದ್ಯುತ್ ಉತ್ಪಾದಿಸಿದಾಗ ಅದಕ್ಕೊಂದು ಪ್ರಮಾಣಪತ್ರ ದೊರೆಯುತ್ತದೆ. ತಿಂಗಳಿಗೆ 300 ಯೂನಿಟ್ ಬಳಸುವ ಮನೆಗೆ ವರ್ಷಕ್ಕೆ 3,600 ಯೂನಿಟ್ ಬೇಕು. ಆ ಮನೆಯ ಹೆಸರಿನಲ್ಲಿ ಪೂರೈಕೆದಾರರು ಮೂರೂವರೆಗಿಂತ ತುಸು ಹೆಚ್ಚು ಪ್ರಮಾಣಪತ್ರಗಳನ್ನು ಮತ್ತೆ ಮಾರಲಾಗದಂತೆ ರದ್ದುಗೊಳಿಸಿದರೆ ಲೆಕ್ಕ ಸರಿಹೋಗುತ್ತದೆ. ತೊಡಕಿರುವುದು ಈ ಪತ್ರವನ್ನು ವಿದ್ಯುತ್ತಿನಿಂದ ಬಿಡಿಸಿ ಪ್ರತ್ಯೇಕವಾಗಿ ಮಾರಬಹುದು ಎಂಬಲ್ಲಿ. ಐಸ್‌ಲ್ಯಾಂಡಿನ ವಿದ್ಯುತ್ತು ಬಹುತೇಕ ಪೂರ್ತಿಯಾಗಿ ನೀರು ಮತ್ತು ಭೂಮಿಯೊಳಗಿನ ಶಾಖದಿಂದ ಬರುತ್ತದೆ. ಯೂರೋಪಿನ ಮುಖ್ಯಭೂಮಿಗೆ ಅಲ್ಲಿಂದ ಒಂದು ತಂತಿಯೂ ಇಲ್ಲ, ಆದರೂ ಅಲ್ಲಿನ ಪ್ರಮಾಣಪತ್ರಗಳು ಮುಖ್ಯಭೂಮಿಯ ದೇಶಗಳಿಗೆ ಮಾರಾಟವಾಗಿವೆ. ಇದು ನಿಯಮಬದ್ಧ ವ್ಯವಹಾರವೇ ಸರಿ, ಆದರೆ ಇಂಥ ಪತ್ರವನ್ನು ಕೊಂಡು ಹಸಿರು ವಿದ್ಯುತ್ ಬಳಸುತ್ತಿದ್ದೇನೆಂದು ಹಿಗ್ಗುವ ಗ್ರಾಹಕರು ಬಯಸಿದ್ದು ಇದನ್ನಲ್ಲ ಎಂಬುದು ನನ್ನ ಅನಿಸಿಕೆ.

ಆದ್ದರಿಂದ ಪೂರೈಕೆದಾರರಿಗೆ ಬರವಣಿಗೆಯಲ್ಲೇ ಪ್ರಶ್ನೆಗಳನ್ನು ಕಳುಹಿಸಿ. ಪ್ರಮಾಣಪತ್ರಗಳು ಯಾವ ಸ್ಥಾವರಗಳವು, ಆ ಸ್ಥಾವರಗಳು ನಿಮ್ಮ ಜಾಲಕ್ಕೇ ಜೋಡಣೆಯಾಗಿವೆಯೇ, ಪತ್ರಗಳು ಯಾವ ವರ್ಷದ ಉತ್ಪಾದನೆಗೆ ಸೇರಿವೆ, ವಿದ್ಯುತ್ತನ್ನೂ ಅದೇ ಸ್ಥಾವರಗಳಿಂದ ದೀರ್ಘಾವಧಿ ಕರಾರಿನ ಮೇಲೆ ಕೊಳ್ಳಲಾಗುತ್ತಿದೆಯೇ ಎಂದು ಕೇಳಿ. ದಶಕಗಳ ಹಿಂದೆಯೇ ಕಟ್ಟಿ ಹಾಕಿದ ಬಂಡವಾಳವೆಲ್ಲ ಮರಳಿ ಬಂದಿರುವ ಅಣೆಕಟ್ಟಿನ ಪತ್ರಕ್ಕೆ ನೀವು ಕೊಡುವ ಹಣದಿಂದ ಹೊಸದೇನೂ ಹುಟ್ಟಲಿಕ್ಕಿಲ್ಲ. ಹೊಸ ಗಾಳಿಯಂತ್ರಗಳಿಗೆ ಸಾಲ ಸಿಗಲು ದೀರ್ಘಾವಧಿ ಕರಾರು ನೆರವಾಗುತ್ತದೆ. ಲೆಕ್ಕವನ್ನು ವರ್ಷಕ್ಕೊಮ್ಮೆ ಹೊಂದಿಸುತ್ತಾರೋ, ಗಂಟೆಗೊಮ್ಮೆಯೋ ಎಂಬುದನ್ನೂ ವಿಚಾರಿಸಿ. ವರ್ಷದ ಲೆಕ್ಕದಲ್ಲಿ ಮಧ್ಯಾಹ್ನದ ಸೌರ ವಿದ್ಯುತ್ತು ನಡುರಾತ್ರಿಯ ಬಳಕೆಗೂ ಜಮೆಯಾಗುತ್ತದೆ. ಗಂಟೆಯ ಲೆಕ್ಕ ನೀಡುವವರು ಇನ್ನೂ ಕಡಿಮೆ. ಸಿಕ್ಕರೆ ಅವರನ್ನು ಗಂಭೀರವಾಗಿ ಪರಿಗಣಿಸಿ.

ದರದ ವಿಚಾರದಲ್ಲಿ ಜಾಹೀರಾತಿನ ಅಂಕಿಯನ್ನು ಬದಿಗಿಟ್ಟು, ಮೊದಲು ಬರೆದುಕೊಂಡ ಹಾಳೆಯನ್ನು ಕೈಗೆತ್ತಿಕೊಳ್ಳಿ. ಟೆಕ್ಸಾಸಿನಲ್ಲಿ ಪ್ರತಿ ಯೋಜನೆಗೂ ಒಂದು ಮಾಹಿತಿ ಪತ್ರ ಕಡ್ಡಾಯವಾಗಿದ್ದು, ಅದರಲ್ಲಿ 500, 1,000 ಮತ್ತು 2,000 ಯೂನಿಟ್ ಬಳಕೆಗೆ ಸರಾಸರಿ ದರವೆಷ್ಟು ಎಂಬುದನ್ನೂ, ನವೀಕರಿಸಬಹುದಾದ ವಿದ್ಯುತ್ತಿನ ಪಾಲನ್ನೂ ನಮೂದಿಸಬೇಕು. ಕೆಲವು ಯೋಜನೆಗಳಲ್ಲಿ ಬಳಕೆ 1,000 ಯೂನಿಟ್ ಮುಟ್ಟಿದ ತಿಂಗಳಲ್ಲಿ ಮಾತ್ರ ದೊಡ್ಡ ರಿಯಾಯಿತಿ ಇರುತ್ತದೆ. ಹೀಗಾಗಿ 1,000ದ ಅಂಕಣದಲ್ಲಿ ದರ ಬಹಳ ಅಗ್ಗವಾಗಿ ಕಾಣುತ್ತದೆ; ಆದರೆ 985 ಯೂನಿಟ್ ಬಳಸಿದ ತಿಂಗಳು ಕಡಿಮೆ ಬಳಸಿದವರೇ ಹೆಚ್ಚು ಹಣ ತೆರಬೇಕಾಗುತ್ತದೆ. ನಿಗದಿತ ಶುಲ್ಕ, ಯೂನಿಟ್ ದರ, ರಿಯಾಯಿತಿ ಎಲ್ಲವನ್ನೂ ಸೇರಿಸಿ 12 ತಿಂಗಳಿಗೂ ಬೇರೆಬೇರೆಯಾಗಿ ಲೆಕ್ಕ ಹಾಕಿ, ವರ್ಷದ ಮೊತ್ತಗಳನ್ನು ಹೋಲಿಸಿ ನೋಡಿ. ಇದಕ್ಕೆ ಅರ್ಧ ಗಂಟೆ ಹಿಡಿದರೆ ಹೆಚ್ಚು.

ಸಗಟು ಮಾರುಕಟ್ಟೆಯ ಬೆಲೆಗೆ ತಳುಕು ಹಾಕಿದ ಯೋಜನೆಗಳನ್ನು, ಬಳಕೆಯ ಹೊತ್ತನ್ನು ಹಿಂದುಮುಂದು ಮಾಡಬಲ್ಲವರು ಮಾತ್ರ ಆರಿಸುವುದು ಒಳ್ಳೆಯದು. 2021ರ ಫೆಬ್ರುವರಿಯ ಶೀತಗಾಳಿಯಲ್ಲಿ ಟೆಕ್ಸಾಸಿನ ಸಗಟು ಬೆಲೆ ಗರಿಷ್ಠ ಮಿತಿಯಲ್ಲೇ ದಿನಗಟ್ಟಲೆ ನಿಂತಾಗ, ಇಂಥ ಯೋಜನೆಯಲ್ಲಿದ್ದ ಮನೆಗಳಿಗೆ ಸಾವಿರಾರು ಡಾಲರ್ ಬಿಲ್ ಬಂದಿತ್ತು. ನಿಗದಿತ ದರದ ಕರಾರಿನಲ್ಲಿಯೂ ಅವಧಿ ಮುಗಿದ ಮೇಲೆ ತಾನಾಗಿ ಯಾವ ದರಕ್ಕೆ ಜಾರುತ್ತದೆ, ನಡುವೆ ಬಿಟ್ಟರೆ ದಂಡವೆಷ್ಟು ಎಂಬುದನ್ನು ನೋಡಿ, ಮುಕ್ತಾಯದ ದಿನಾಂಕವನ್ನು ಬರೆದಿಟ್ಟುಕೊಳ್ಳಿ.

ಬದಲಾಯಿಸುವ ಕೆಲಸ ಸುಲಭ. ಹಳೆಯ ಬಿಲ್ಲಿನಲ್ಲಿರುವ ಮೀಟರ್ ಸಂಪರ್ಕದ ಗುರುತಿನ ಸಂಖ್ಯೆಯನ್ನು ಹೊಸ ಪೂರೈಕೆದಾರರಿಗೆ ಕೊಟ್ಟರೆ ಉಳಿದದ್ದನ್ನು ಸಾಮಾನ್ಯವಾಗಿ ಅವರೇ ನೋಡಿಕೊಳ್ಳುತ್ತಾರೆ. ಐರೋಪ್ಯ ಒಕ್ಕೂಟದಲ್ಲಿ ಇದು ಮೂರು ವಾರಗಳೊಳಗೆ ಮುಗಿಯಬೇಕು. ಗ್ರಾಹಕ ಸಂಖ್ಯೆ ಮತ್ತು ಮೀಟರ್ ಸಂಪರ್ಕದ ಗುರುತಿನ ಸಂಖ್ಯೆ ಒಂದೇ ಅಲ್ಲ. ಒಂದರ ಬದಲು ಇನ್ನೊಂದನ್ನು ಬರೆದು ಅರ್ಜಿ ತಿರಸ್ಕೃತವಾಗುವುದುಂಟು. ವಿದ್ಯುತ್ ಕಡಿತವಾಗುವುದಿಲ್ಲ, ಮೀಟರ್ ಬದಲಾಯಿಸಲು ಯಾರೂ ಬರಬೇಕಾಗಿಲ್ಲ. ಬದಲಾವಣೆಯ ದಿನ ಮೀಟರಿನ ಅಂಕಿ ಕಾಣುವಂತೆ ಒಂದು ಫೋಟೊ ತೆಗೆದಿಡಿ. ಹಳೆಯ ಕಂಪನಿಯ ಕೊನೆಯ ಬಿಲ್ ಮುಗಿಯುವ ಅಂಕಿ, ಹೊಸ ಕಂಪನಿಯ ಮೊದಲ ಬಿಲ್ ಆರಂಭವಾಗುವ ಅಂಕಿ ಎರಡೂ ಆ ಫೋಟೊದ ಅಂಕಿಯೇ ಆಗಿರಬೇಕು; ವ್ಯತ್ಯಾಸವಿದ್ದರೆ ಫೋಟೊ ಲಗತ್ತಿಸಿ ಇಬ್ಬರಿಗೂ ಕೂಡಲೇ ಬರೆಯಿರಿ.